ಪಾಪಕ್ಷಮೆಯ ಅಧಿಕಾರ: ಕ್ರೈಸ್ತ ಶಾಸ್ತ್ರದ ಮತವೂ ಭೋಜದ ಸೀಮೆಯ ಜೈನಾಚಾರವೂ

೧. ಪೀಠಿಕೆ

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ-ನಿಪ್ಪಾಣಿಗಳ ಸೀಮೆಯಲ್ಲಿ, ವೇದಗಂಗಾ ದೂಧಗಂಗಾ ನದಿಗಳ ಸಂಗಮದ ಸಮೀಪದಲ್ಲಿ, ಭೋಜವೆಂಬ ಗ್ರಾಮವಿರುವುದು. ದಿಗಂಬರ ಜೈನರಲ್ಲಿ ಈ ಗ್ರಾಮದ ಹೆಸರು ದೇಶಾದ್ಯಂತ ಪ್ರಸಿದ್ಧವಾಗಿರುವುದಕ್ಕೆ ಆಚಾರ್ಯ ಶಾಂತಿಸಾಗರರೇ ಕಾರಣರು. ಭೋಜದ ಪಾಟೀಲ ಮನೆತನದ ಭೀಮಗೌಡ ಮತ್ತು ಸತ್ಯವತಿಯರ ಪುತ್ರರಾಗಿ ೧೮೭೨ರಲ್ಲಿ ಜನಿಸಿದ ಇವರಿಗೆ ಪೂರ್ವಾಶ್ರಮದಲ್ಲಿ ಸಾತಗೌಡನೆಂಬ ಹೆಸರಿತ್ತು. ಇವರು ೧೯೨೦ರಲ್ಲಿ ಮುನಿದೀಕ್ಷೆಯನ್ನು ಹೊಂದಿ, ೧೯೨೪ರಲ್ಲಿ ಆಚಾರ್ಯಪದವಿಯನ್ನು ಪಡೆದು, ೧೯೫೫ನೆಯ ಸಪ್ಟೆಂಬರ್ ೧೮ರಂದು ಕುಂಥಲಗಿರಿ ಕ್ಷೇತ್ರದಲ್ಲಿ ಸಲ್ಲೇಖನವ್ರತದಿಂದ ದೇಹವನ್ನು ತ್ಯಜಿಸಿದರು.

ಸಲ್ಲೇಖನವನ್ನು ಕೈಕೊಳ್ಳುವವನು ಮೊದಲು ಎಲ್ಲ ಜೀವಿಗಳನ್ನು ಕ್ಷಮಿಸಬೇಕು, ಎಲ್ಲರಿಂದಲೂ ಕ್ಷಮೆಯನ್ನು ಬೇಡಬೇಕು, ತಾನು ಮಾಡಿದ ಪಾಪಗಳನ್ನೆಲ್ಲ ಮರೆಮಾಚದೆ ಆಲೋಚನೆ ಮಾಡಬೇಕು ಎಂಬುದು ಜೈನಶಾಸ್ತ್ರದ ವಿಧಿ. ಆದರೆ ಆ ವಿಧಿಯಲ್ಲಿ ದೇವರು ಕ್ಷಮಿಸುತ್ತಾನೆಂಬ ಮಾತು ಎಲ್ಲಿಯೂ ಬರುವುದಿಲ್ಲ. ಇದೇ ಬೆಳಗಾವಿಯಲ್ಲಿ ೧೮೨೦ರಿಂದ ಲಂಡನ್ ಮಿಷನ್ನಿನವರು ನೆಲೆಗೊಂಡು ಬೋಧಿಸುತ್ತ ಬಂದ ಸುವಾರ್ತೆಯಲ್ಲಾದರೋ, ಪಾಪವನ್ನು ಕ್ಷಮಿಸುವ ಅಧಿಕಾರವು ದೇವರದೆಂಬುದೂ, ಆ ಅಧಿಕಾರವು ಭೂಲೋಕದಲ್ಲಿ ಯೇಸುವಿಗೆ ಉಂಟೆಂಬುದೂ ಮುಖ್ಯವಾದ ವಿಷಯವು. ಈ ಎರಡು ಮತಗಳೂ ಒಂದೇ ಕನ್ನಡ ಶಬ್ದವನ್ನು, ಎಂದರೆ ‘ಕ್ಷಮೆ’ ಎಂಬುದನ್ನು, ಉಪಯೋಗಿಸುತ್ತವೆ. ಶಬ್ದವು ಒಂದೇ ಆಗಿದ್ದರೂ ಅರ್ಥವು ಒಂದೇ ಆಗಿದೆಯೇ ಎಂಬುದು ವಿಚಾರಾರ್ಹವು. ಅದನ್ನು ತಿಳಿಯಬೇಕಾದರೆ ಕ್ರೈಸ್ತ ಶಾಸ್ತ್ರದಲ್ಲಿ ಈ ಅಧಿಕಾರದ ಸ್ವರೂಪವೇನೆಂಬುದನ್ನು ಮೊದಲು ನಿರ್ಣಯಿಸಿಕೊಳ್ಳುವುದು ಅವಶ್ಯ.

೨. ಇಬ್ರಿಯ ಶಾಸ್ತ್ರದ ಹಿನ್ನೆಲೆ

ಕ್ರೈಸ್ತರು ಹಳೆಯ ಒಡಂಬಡಿಕೆಯೆಂದು ಕರೆಯುವ ಇಬ್ರಿಯ ಗ್ರಂಥಗಳಲ್ಲಿ ಕ್ಷಮೆಯನ್ನು ಹೇಳುವ ಧಾತುಗಳು ಮುಖ್ಯವಾಗಿ ಮೂರು. ‘ನಾಸಾ’ ಎಂದರೆ ಎತ್ತುವುದು, ಹೊರುವುದು. ಪಾಪವನ್ನು ಹೊರೆಯೆಂದು ಭಾವಿಸಿ ಅದನ್ನು ಎತ್ತಿ ಕಳೆಯುವುದೆಂಬ ಅರ್ಥದಲ್ಲಿ ಇದು ಬರುತ್ತದೆ. ‘ಕಿಪ್ಪೇರ್’ ಎಂದರೆ ದೋಷವನ್ನು ನಿವಾರಿಸುವ ಪ್ರಾಯಶ್ಚಿತ್ತಕರ್ಮವನ್ನು ಮಾಡುವುದು; ಇದರ ಕರ್ತೃವು ಸಾಮಾನ್ಯವಾಗಿ ಯಾಜಕನು. ಮೂರನೆಯದಾದ ‘ಸಾಲಹ್’ ಎಂಬುದೇ ಶುದ್ಧವಾಗಿ ಕ್ಷಮಿಸುವುದೆಂಬ ಅರ್ಥವುಳ್ಳದ್ದು. ಈ ಮೂರನೆಯ ಧಾತುವಿನ ಪ್ರಯೋಗದಲ್ಲಿ ಒಂದು ವಿಶೇಷವಿದೆ. ಹಳೆಯ ಒಡಂಬಡಿಕೆಯಲ್ಲಿ ಇದು ಬಂದ ಕಡೆಗಳಲ್ಲೆಲ್ಲ ಕ್ಷಮಿಸುವವನು ದೇವರೇ. ಮನುಷ್ಯನು ಮನುಷ್ಯನನ್ನು ಕ್ಷಮಿಸಿದನೆಂದು ಹೇಳುವುದಕ್ಕೆ ಈ ಧಾತುವನ್ನು ಉಪಯೋಗಿಸಿಲ್ಲ.

ಯಾಜಕಕಾಂಡದ ನಾಲ್ಕನೆಯ ಅಧ್ಯಾಯದಲ್ಲಿ ದೋಷಪರಿಹಾರದ ಯಜ್ಞಗಳು ವಿಧಿಸಲ್ಪಟ್ಟಿವೆ. ಅಲ್ಲಿಯ ವಾಕ್ಯರಚನೆಯೂ ಗಮನಾರ್ಹವಾಗಿದೆ. ಯಾಜಕನು ಪ್ರಾಯಶ್ಚಿತ್ತಕರ್ಮವನ್ನು ಮಾಡುತ್ತಾನೆ ಎಂಬುದು ಕರ್ತರಿಪ್ರಯೋಗ. ದೋಷಿಗೆ ಕ್ಷಮೆಯು ದೊರೆಯುವುದು ಎಂಬುದು ಕರ್ಮಣಿಪ್ರಯೋಗ. ಕರ್ಮವು ಯಾಜಕನ ಕೈಯಲ್ಲಿದೆ; ಕ್ಷಮೆಯು ಅವನ ಕೈಯಲ್ಲಿಲ್ಲ. ದಾವೀದನು ಊರೀಯನ ಹೆಂಡತಿಯನ್ನು ಅಪಹರಿಸಿ, ಊರೀಯನನ್ನು ಯುದ್ಧದಲ್ಲಿ ಕೊಲ್ಲಿಸಿದ ಕಥೆಯಲ್ಲಿಯೂ ಪ್ರವಾದಿಯಾದ ನಾತಾನನು ತಾನು ಕ್ಷಮಿಸುತ್ತೇನೆಂದು ಹೇಳದೆ, ಯೆಹೋವನು ನಿನ್ನ ಪಾಪವನ್ನು ನೀಗಿದ್ದಾನೆಂದು ತಿಳಿಸುತ್ತಾನೆ. ಪ್ರವಾದಿಯು ದೂತನು, ತೀರ್ಪು ಒಡೆಯನದು. ಯೆಶಾಯ, ಮೀಕ ಮೊದಲಾದ ಪ್ರವಾದಿಗಳ ಗ್ರಂಥಗಳಲ್ಲಿ ಪಾಪವನ್ನು ಅಳಿಸುವುದು, ಸಮುದ್ರದ ಆಳಕ್ಕೆ ಎಸೆಯುವುದು ದೇವರ ಅಸಾಧಾರಣ ಲಕ್ಷಣವೆಂದು ವರ್ಣಿತವಾಗಿದೆ.

ಇದರ ಹಿಂದಿನ ತರ್ಕವು ಸುಲಭವಾದದ್ದು. ಸಾಲಪತ್ರವನ್ನು ಹರಿದುಹಾಕುವ ಹಕ್ಕು ಸಾಲವನ್ನು ಕೊಟ್ಟವನದು. ಕುಲಕರ್ಣಿಯು ಲೆಕ್ಕವನ್ನು ಬರೆಯಬಹುದು, ನೆರೆಯವನು ಮಧ್ಯಸ್ತಿಕೆ ಮಾಡಬಹುದು; ಆದರೆ ಇವರಲ್ಲಿ ಯಾರಾದರೂ ತಾವಾಗಿಯೇ ಪತ್ರವನ್ನು ಹರಿದರೆ ಅದು ಔದಾರ್ಯವಾಗದೆ ಅಪರಾಧವಾಗುವುದು. ಪಾಪವು ದೇವರ ಆಜ್ಞೆಯ ಉಲ್ಲಂಘನವಾದುದರಿಂದ ಅದನ್ನು ಬಿಡುವ ಹಕ್ಕು ದೇವರೊಬ್ಬನದೇ ಎಂಬುದು ಇಬ್ರಿಯರ ಸಿದ್ಧಾಂತ.

೩. ಕಪೆರ್ನೌಮಿನ ಪ್ರಸಂಗ

ಈ ಹಿನ್ನೆಲೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಹೊಸ ಒಡಂಬಡಿಕೆಯ ಒಂದು ಪ್ರಸಂಗದ ತೀವ್ರತೆಯು ತಿಳಿದುಬರುತ್ತದೆ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದ ಆರಂಭದಲ್ಲಿ ಇದು ಬಂದಿದೆ. ಮತ್ತಾಯನ ಒಂಬತ್ತನೆಯ ಅಧ್ಯಾಯದಲ್ಲಿಯೂ ಲೂಕನ ಐದನೆಯ ಅಧ್ಯಾಯದಲ್ಲಿಯೂ ಇದರ ಪಾಠಾಂತರಗಳಿವೆ. ಗಲಿಲಾಯದ ಕಪೆರ್ನೌಮ್ ಎಂಬ ಊರಿನ ಒಂದು ಮನೆಯಲ್ಲಿ ಯೇಸುವು ಬೋಧಿಸುತ್ತಿದ್ದಾಗ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನಸಂದಣಿಯಿಂದ ಒಳಹೋಗಲಾರದೆ ಮಾಳಿಗೆಯನ್ನು ಅಗೆದು ತೆರೆದು ದೋಲಿಯನ್ನು ಇಳಿಸುತ್ತಾರೆ. ಮಾರ್ಕನು ಮಣ್ಣಿನ ಮಾಳಿಗೆಯನ್ನು ಅಗೆದಂತೆ ಬರೆದರೆ, ಲೂಕನು ಹಂಚುಗಳನ್ನು ತೆಗೆದಂತೆ ಬರೆದಿದ್ದಾನೆ. ಮತ್ತಾಯನು ಮಾಳಿಗೆಯ ಮಾತನ್ನೇ ಬಿಟ್ಟಿದ್ದಾನೆ.

ರೋಗಿಯು ಬಂದದ್ದು ದೇಹಾರೋಗ್ಯಕ್ಕಾಗಿ. ಯೇಸುವು ಹೇಳಿದ್ದಾದರೋ ಅವನ ಪಾಪಗಳಿಗೆ ಕ್ಷಮೆಯಾಯಿತೆಂಬ ಮಾತು. ಅಲ್ಲಿ ಕುಳಿತಿದ್ದ ಶಾಸ್ತ್ರಿಗಳು ಇದು ದೇವದೂಷಣೆಯೆಂದೂ, ದೇವರೊಬ್ಬನೇ ಹೊರತು ಪಾಪಗಳನ್ನು ಕ್ಷಮಿಸಬಲ್ಲವನು ಇನ್ನಾರೆಂದೂ ಮನಸ್ಸಿನಲ್ಲಿ ಯೋಚಿಸುತ್ತಾರೆ. ಈ ಶಾಸ್ತ್ರಿಗಳನ್ನು ಬರಿಯ ದ್ವೇಷಿಗಳೆಂದು ತಿಳಿಯುವುದು ಯುಕ್ತವಲ್ಲ. ಅವರ ಆಕ್ಷೇಪವು ಹಿಂದೆ ನಿರೂಪಿಸಿದ ಸಿದ್ಧಾಂತಕ್ಕೆ ಪೂರ್ಣವಾಗಿ ಅನುಗುಣವಾಗಿದೆ. ಆ ರೋಗಿಯು ಯೇಸುವಿಗೆ ಯಾವ ಅಪರಾಧವನ್ನೂ ಮಾಡಿದ್ದನೆಂದು ಕಥೆಯು ಹೇಳುವುದಿಲ್ಲ. ತನಗಾಗದ ಅಪರಾಧವನ್ನು ಕ್ಷಮಿಸುವುದಕ್ಕೆ ಮೂರನೆಯವನಿಗೆ ಹಕ್ಕೆಲ್ಲಿಯದು?

ಯೇಸುವಿನ ಪ್ರತ್ಯುತ್ತರವು ಪ್ರಶ್ನೆಯ ರೂಪದಲ್ಲಿದೆ: ಪಾಪಗಳಿಗೆ ಕ್ಷಮೆಯಾಯಿತೆನ್ನುವುದು ಸುಲಭವೋ, ಎದ್ದು ಹಾಸಿಗೆಯನ್ನು ಎತ್ತಿಕೊಂಡು ನಡೆಯೆನ್ನುವುದು ಸುಲಭವೋ? ಇದರ ಸ್ವಾರಸ್ಯವು ‘ಎನ್ನುವುದು’ ಎಂಬಲ್ಲಿದೆ. ಕ್ಷಮೆಯು ಕಣ್ಣಿಗೆ ಕಾಣುವ ವಸ್ತುವಲ್ಲ. ಆದ್ದರಿಂದ ಅದನ್ನು ಯಾರು ಬೇಕಾದರೂ ಬಾಯಲ್ಲಿ ಹೇಳಬಹುದು, ಸುಳ್ಳೆಂದು ತೋರಿಸುವವರಿಲ್ಲ. ಎದ್ದು ನಡೆಯೆಂದು ಹೇಳಿದ ಮಾತಾದರೋ ಕ್ಷಣದಲ್ಲಿಯೇ ಪರೀಕ್ಷೆಗೊಳಗಾಗುವುದು. ಪರೀಕ್ಷಿಸಬರುವ ಮಾತು ನಿಜವಾದರೆ ಪರೀಕ್ಷಿಸಬಾರದ ಮಾತಿಗೂ ಅದು ಸಾಕ್ಷಿಯಾಗುವುದೆಂಬುದು ವಾದ. ಮನುಷ್ಯಕುಮಾರನಿಗೆ ಭೂಮಿಯ ಮೇಲೆ ಪಾಪಗಳನ್ನು ಕ್ಷಮಿಸುವ ಅಧಿಕಾರವುಂಟೆಂಬುದು ತಿಳಿಯಲೆಂದು ಹೇಳಿ ರೋಗಿಯನ್ನು ಎಬ್ಬಿಸಲಾಗಿ, ಅವನು ಎದ್ದು ಹೋದನೆಂಬಲ್ಲಿಗೆ ಕಥೆಯು ಮುಗಿಯುತ್ತದೆ. ರೋಗವು ಆ ಮನುಷ್ಯನ ಪಾಪದ ಫಲವೆಂದು ಇಲ್ಲಿ ಹೇಳಿಲ್ಲವೆಂಬುದನ್ನೂ ಲಕ್ಷಿಸಬೇಕು. ಯೋಹಾನನ ಸುವಾರ್ತೆಯ ಒಂಬತ್ತನೆಯ ಅಧ್ಯಾಯದಲ್ಲಿ ಹುಟ್ಟುಕುರುಡನ ವಿಷಯದಲ್ಲಿ ಅಂಥ ಕಾರಣಕಲ್ಪನೆಯನ್ನು ಯೇಸುವು ನಿರಾಕರಿಸಿರುವನು.

೪. ‘ಅಧಿಕಾರ’ವೆಂಬುದರ ಅರ್ಥ

ಇಲ್ಲಿಯ ಗ್ರೀಕ್ ಶಬ್ದವು ‘ಎಕ್ಸೂಸಿಯ’. ಇದು ಶಕ್ತಿವಾಚಕವಾದ ‘ದುನಾಮಿಸ್’ ಎಂಬುದಕ್ಕಿಂತ ಭಿನ್ನವಾದದ್ದು. ಬಲವುಳ್ಳವನೆಲ್ಲ ಹಕ್ಕುಳ್ಳವನಲ್ಲ, ಮಾಡುವುದಕ್ಕೆ ಅನುಮತಿಯುಳ್ಳವನೇ ಹಕ್ಕುಳ್ಳವನು. ಈ ಎರಡನೆಯ ಭಾವವೇ ಎಕ್ಸೂಸಿಯ. ದಾನಿಯೇಲನ ಗ್ರಂಥದ ಏಳನೆಯ ಅಧ್ಯಾಯದಲ್ಲಿ, ಮನುಷ್ಯಕುಮಾರನಂತಿರುವ ಒಬ್ಬನು ಮೇಘಗಳೊಡನೆ ಬಂದು ಮಹಾವೃದ್ಧನಾದ ದೇವರಿಂದ ಆಧಿಪತ್ಯವನ್ನು ಹೊಂದುವ ದರ್ಶನವಿದೆ. ಅದರ ಗ್ರೀಕ್ ಅನುವಾದದಲ್ಲಿಯೂ ಇದೇ ಶಬ್ದವು ಪ್ರಯುಕ್ತವಾಗಿದೆ. ಆದುದರಿಂದ ಯೇಸುವು ‘ಮನುಷ್ಯಕುಮಾರ’ ಎಂಬ ಪದವನ್ನೂ ‘ಅಧಿಕಾರ’ವನ್ನೂ ಒಂದೇ ವಾಕ್ಯದಲ್ಲಿ ಕೂಡಿಸಿದ್ದು ಆಕಸ್ಮಿಕವಲ್ಲವೆಂದು ಅನೇಕ ವ್ಯಾಖ್ಯಾನಕಾರರು ಹೇಳುತ್ತಾರೆ.

ಈ ಪ್ರಸಂಗಕ್ಕೆ ಮೂರು ಬಗೆಯ ವ್ಯಾಖ್ಯಾನಗಳಿವೆ. ದೇವರಿಗೆ ಮಾತ್ರ ಸಲ್ಲುವ ಹಕ್ಕನ್ನು ಯೇಸುವು ಚಲಾಯಿಸಿದುದರಿಂದ ಅವನು ದೇವಸ್ವರೂಪನೇ ಎಂಬುದು ಮೊದಲನೆಯದು. ಪುರಾತನ ಕಾಲದಿಂದಲೂ ಕ್ರೈಸ್ತಸಭೆಯ ಬಹುಮತವು ಇದೇ. ದೇವರು ತನ್ನ ಅಧಿಕಾರವನ್ನು ಯೇಸುವಿಗೆ ವಹಿಸಿಕೊಟ್ಟನೆಂಬುದು ಎರಡನೆಯದು. ಮನುಷ್ಯರಿಗೆ ಇಂಥ ಅಧಿಕಾರವನ್ನು ಕೊಟ್ಟ ದೇವರನ್ನು ಜನರು ಕೊಂಡಾಡಿದರೆಂದು ಮತ್ತಾಯನು ಬಹುವಚನದಲ್ಲಿ ಬರೆದಿರುವುದು ಇದಕ್ಕೆ ಆಧಾರ. ‘ಕ್ಷಮೆಯಾಯಿತು’ ಎಂಬುದು ಕರ್ಮಣಿಪ್ರಯೋಗವಾದುದರಿಂದ, ನಾತಾನನಂತೆ ಯೇಸುವೂ ದೇವರು ಮಾಡಿದ ಕ್ಷಮೆಯನ್ನು ಪ್ರಕಟಿಸಿದನಷ್ಟೇ ಎಂಬುದು ಮೂರನೆಯದು. ಮೂರನೆಯ ವ್ಯಾಖ್ಯಾನಕ್ಕೆ ಒಂದು ಬಾಧಕವಿದೆ: ಯೇಸುವಿನ ಅಭಿಪ್ರಾಯವು ಅಷ್ಟೇ ಆಗಿದ್ದರೆ ಶಾಸ್ತ್ರಿಗಳ ಸಂಶಯವನ್ನು ಒಂದು ಮಾತಿನಿಂದ ತೀರಿಸಬಹುದಾಗಿತ್ತು. ಅವನು ಹಾಗೆ ಮಾಡದೆ ಅಧಿಕಾರವು ತನಗುಂಟೆಂದೇ ಸಾಧಿಸಿದ್ದಾನೆ. ಲೂಕನ ಏಳನೆಯ ಅಧ್ಯಾಯದಲ್ಲಿ, ಪರಿಸಾಯನಾದ ಸೀಮೋನನ ಮನೆಯಲ್ಲಿ ಪಾಪಿನಿಯೆನಿಸಿದ ಹೆಂಗಸಿಗೆ ಕ್ಷಮೆಯನ್ನು ನುಡಿದಾಗಲೂ, ಪಂಕ್ತಿಯಲ್ಲಿದ್ದವರು ಇದೇ ಪ್ರಶ್ನೆಯನ್ನು ಎತ್ತುತ್ತಾರೆ. ಆಗಲೂ ಮಾತನ್ನು ಹಿಂದೆಗೆದುಕೊಂಡಿಲ್ಲ. ಇದಕ್ಕೆ ಪ್ರತಿಯಾಗಿ, ಶಿಲುಬೆಯ ಮೇಲೆ ತನ್ನನ್ನು ಕೊಲ್ಲುವವರ ವಿಷಯದಲ್ಲಿ ತಾನೇ ಕ್ಷಮೆಯನ್ನು ನುಡಿಯದೆ ತಂದೆಯನ್ನು ಪ್ರಾರ್ಥಿಸಿದನೆಂಬ ಮಾತು ಲೂಕನ ಸುವಾರ್ತೆಯಲ್ಲಿದೆ. ಆದರೆ ಆ ವಾಕ್ಯವು ಕೆಲವು ಪ್ರಾಚೀನ ಹಸ್ತಪ್ರತಿಗಳಲ್ಲಿ ಇಲ್ಲ.

೫. ಅಧಿಕಾರದ ಮುಂದಿನ ಚರಿತ್ರೆ

ಈ ಅಧಿಕಾರವು ಯೇಸುವಿನೊಡನೆಯೇ ಮುಗಿಯಿತೋ ಅಥವಾ ಶಿಷ್ಯರಿಗೆ ಬಂದಿತೋ ಎಂಬ ವಿಷಯದಲ್ಲಿ ಕ್ರೈಸ್ತರಲ್ಲಿಯೇ ಮತಭೇದವುಂಟಾಯಿತು. ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯದ ಪ್ರಕಾರ, ಪುನರುತ್ಥಾನದ ಅನಂತರ ಯೇಸುವು ಶಿಷ್ಯರ ಮೇಲೆ ಉಸಿರನ್ನು ಊದಿ, ಅವರು ಯಾರ ಪಾಪಗಳನ್ನು ಕ್ಷಮಿಸುವರೋ ಅವು ಕ್ಷಮಿಸಲ್ಪಡುವುವೆಂದು ಹೇಳುತ್ತಾನೆ. ಮತ್ತಾಯನಲ್ಲಿ ಕಟ್ಟುವ ಬಿಚ್ಚುವ ಅಧಿಕಾರವು ಒಮ್ಮೆ ಪೇತ್ರನಿಗೂ ಮತ್ತೊಮ್ಮೆ ಶಿಷ್ಯರ ಸಮುದಾಯಕ್ಕೂ ಕೊಡಲ್ಪಟ್ಟಿದೆ. ಇವುಗಳ ಆಧಾರದಿಂದ ರೋಮನ್ ಕಥೋಲಿಕ ಸಭೆಯಲ್ಲಿ ಪಾಪನಿವೇದನೆಯ ಸಂಸ್ಕಾರವು ಬೆಳೆಯಿತು. ೧೨೧೫ರ ನಾಲ್ಕನೆಯ ಲ್ಯಾಟರನ್ ಸಭೆಯು ಪ್ರತಿಯೊಬ್ಬನೂ ವರ್ಷಕ್ಕೊಮ್ಮೆಯಾದರೂ ಗುರುವಿನ ಮುಂದೆ ಪಾಪನಿವೇದನೆ ಮಾಡಬೇಕೆಂದೂ, ಕೇಳಿದ್ದನ್ನು ಗುರುವು ಎಂದಿಗೂ ಹೊರಗೆಡಹಬಾರದೆಂದೂ ವಿಧಿಸಿತು. ೧೫೫೧ರಲ್ಲಿ ಟ್ರೆಂಟ್ ಸಭೆಯು ಗುರುವು ನುಡಿಯುವ ವಿಮೋಚನೆಯು ಬರಿಯ ಪ್ರಕಟನೆಯಲ್ಲ, ನ್ಯಾಯಾಧಿಪತಿಯ ತೀರ್ಪಿನಂತಹ ಕಾರ್ಯವೆಂದು ನಿರ್ಣಯಿಸಿತು.

ಇದಕ್ಕೆ ಮೊದಲೇ, ೧೫೧೭ರಲ್ಲಿ, ಮಾರ್ಟಿನ್ ಲೂಥರನು ತನ್ನ ತೊಂಬತ್ತೈದು ಸೂತ್ರಗಳಲ್ಲಿ, ಪೋಪನು ಯಾವ ದೋಷವನ್ನೂ ತಾನಾಗಿ ನೀಗಲಾರನು, ದೇವರು ನೀಗಿದ್ದಾನೆಂದು ಸಾರಬಲ್ಲನಷ್ಟೇ ಎಂದು ವಾದಿಸಿದ್ದನು. ಕಪೆರ್ನೌಮಿನ ಶಾಸ್ತ್ರಿಗಳ ಪ್ರಶ್ನೆಯೇ ಹದಿನೈದು ಶತಮಾನಗಳ ಅನಂತರ ಮತ್ತೆ ಎದ್ದಿತೆನ್ನಬಹುದು. ಬೆಳಗಾವಿಯ ಸೀಮೆಯಲ್ಲಿ ಈ ಎರಡು ಪಕ್ಷಗಳೂ ಇವೆ. ಲಂಡನ್ ಮಿಷನ್ನಿನ ಪ್ರಾಟೆಸ್ಟಂಟರ ಕಾರ್ಯವು ೧೯೦೪ರಲ್ಲಿ ಮೆಥಡಿಸ್ಟರಿಗೆ ವಹಿಸಲ್ಪಟ್ಟಿತು. ಕಥೋಲಿಕರ ಬೆಳಗಾವಿ ಧರ್ಮಪ್ರಾಂತ್ಯವು ೧೯೫೩ರಲ್ಲಿ ಸ್ಥಾಪಿತವಾಯಿತು.

೬. ಕನ್ನಡ ಅನುವಾದದಲ್ಲಿ ‘ಕ್ಷಮೆ’

ಬಳ್ಳಾರಿಯಲ್ಲಿದ್ದ ಜಾನ್ ಹ್ಯಾಂಡ್ಸನ ಪ್ರಯತ್ನದಿಂದ ೧೮೩೧ರಲ್ಲಿ ಬೈಬಲು ಸಂಪೂರ್ಣವಾಗಿ ಕನ್ನಡದಲ್ಲಿ ಮುದ್ರಿತವಾಯಿತು. ಮುಂದೆ ಅದು ಅನೇಕ ಸಲ ಪರಿಷ್ಕೃತವಾಗಿದೆ. ಅನುವಾದಕರ ಮುಂದಿದ್ದ ಗ್ರೀಕ್ ಧಾತುವು ‘ಅಫಿಯೆಮಿ’. ಇದರ ಮೂಲಾರ್ಥವು ಬಿಡುವುದು, ಹೋಗಗೊಡುವುದು, ಸಾಲವನ್ನು ತೊರೆಯುವುದು. ಇದರಿಂದಾದ ‘ಅಫೆಸಿಸ್’ ಎಂಬ ನಾಮವು ಸೆರೆಯವರ ಬಿಡುಗಡೆಗೂ, ಐವತ್ತನೆಯ ವರ್ಷದಲ್ಲಿ ಭೂಮಿಯು ಮೂಲದ ಒಡೆಯರಿಗೆ ಹಿಂದಿರುಗುವ ಉತ್ಸವಕ್ಕೂ ಗ್ರೀಕ್ ಬೈಬಲಿನಲ್ಲಿ ಸಲ್ಲುತ್ತದೆ. ಎಂದರೆ ಇಲ್ಲಿ ಪಾಪವು ಋಣ, ಕ್ಷಮೆಯು ಋಣವಿಮೋಚನೆ. ಮತ್ತಾಯನು ಕೊಟ್ಟಿರುವ ಕರ್ತನ ಪ್ರಾರ್ಥನೆಯಲ್ಲಿ ಮೂಲದ ಪದವು ‘ಸಾಲಗಳು’ ಎಂದೇ ಇದೆ. ಹದಿನೆಂಟನೆಯ ಅಧ್ಯಾಯದ ಸಾಮ್ಯದಲ್ಲಿ ಹತ್ತು ಸಾವಿರ ತಲಾಂತುಗಳ ಸಾಲವು ಬಿಡಲ್ಪಟ್ಟ ಸೇವಕನು, ತನಗೆ ನೂರು ದೀನಾರಗಳನ್ನು ಕೊಡಬೇಕಾಗಿದ್ದ ಜೊತೆಗಾರನ ಕುತ್ತಿಗೆಯನ್ನು ಹಿಡಿಯುತ್ತಾನೆ.

ಸಂಸ್ಕೃತದ ‘ಕ್ಷಮ್’ ಧಾತುವಿನ ಅರ್ಥವು ಬೇರೆ. ಅದು ಸಹಿಸುವುದೆಂಬುದು. ತನ್ನನ್ನು ಅಗೆಯುವವರನ್ನೂ ತಾಳಿಕೊಳ್ಳುವುದರಿಂದ ಭೂಮಿಗೆ ‘ಕ್ಷಮಾ’ ಎಂಬ ಹೆಸರು ಒಪ್ಪುವುದು. ಸಹಿಸುವುದಕ್ಕೆ ಅಧಿಕಾರವು ಬೇಕಾಗಿಲ್ಲ. ಅಪರಾಧಕ್ಕೆ ಗುರಿಯಾದವನಿಗೆ ಮನೋಬಲವಿದ್ದರೆ ಸಾಕು. ಹೀಗೆ ಗ್ರೀಕಿನಲ್ಲಿ ಒಡೆಯನ ಕಾರ್ಯವಾಗಿದ್ದದ್ದು ಕನ್ನಡಕ್ಕೆ ಬರುವಾಗ ತಾಳುವವನ ಗುಣವನ್ನು ಹೇಳುವ ಶಬ್ದವನ್ನು ಧರಿಸಿ ಬಂದಿತು. ಕರ್ತನ ಪ್ರಾರ್ಥನೆಯ ‘ಸಾಲ’ವೂ ಕನ್ನಡದಲ್ಲಿ ‘ತಪ್ಪು’ ಎಂದಾಯಿತು. ಆದರೂ ಅನುವಾದಕರು ಕಪೆರ್ನೌಮಿನ ಪ್ರಸಂಗದಲ್ಲಿ ‘ಕ್ಷಮಿಸಿಬಿಡು’ ಎಂಬ ರೂಪವನ್ನು ಪ್ರಯೋಗಿಸಿರುವುದು ಉಚಿತವಾಗಿದೆ. ‘ಬಿಡು’ ಎಂಬ ಅಚ್ಚಗನ್ನಡ ಧಾತುವು ಗ್ರೀಕಿನ ಬಿಡುಗಡೆಯ ಭಾವವನ್ನು ಸಹಜವಾಗಿ ಉಳಿಸಿಕೊಟ್ಟಿದೆ.

೭. ಜೈನರಲ್ಲಿ ಆಲೋಚನೆ ಮತ್ತು ಪ್ರಾಯಶ್ಚಿತ್ತ

ಭೋಜದ ಜೈನ ರೈತನ ಕಿವಿಗೆ ಈ ಶಬ್ದವು ಬಿದ್ದಾಗ ಅವನ ಮನಸ್ಸಿನಲ್ಲಿ ಏಳುವ ಅರ್ಥವು ಮೂರನೆಯದು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಎಣಿಸಲಾದ ದಶಧರ್ಮಗಳಲ್ಲಿ ಉತ್ತಮಕ್ಷಮೆಯು ಮೊದಲನೆಯದು. ಭಾದ್ರಪದ ಶುದ್ಧ ಪಂಚಮಿಯಿಂದ ಅನಂತಚತುರ್ದಶಿಯವರೆಗೆ ದಶಲಕ್ಷಣ ಪರ್ವವನ್ನು ಆಚರಿಸಿ, ಅದು ಮುಗಿದ ಮೇಲೆ ಒಬ್ಬರನ್ನೊಬ್ಬರು ಕಂಡು ಕ್ಷಮೆಯನ್ನು ಬೇಡಿ ಕೊಡುವ ರೂಢಿಯಿದೆ. ಆದರೆ ಬಸದಿಯಲ್ಲಿ ಪೂಜಿತನಾದ ಜಿನನು ಯಾರನ್ನೂ ಕ್ಷಮಿಸುವುದಿಲ್ಲ. ಅವನು ವೀತರಾಗನು, ಮೆಚ್ಚುವುದೂ ಮುನಿಯುವುದೂ ಅವನಿಗಿಲ್ಲ. ಪಾಪವು ಒಡೆಯನಿಗೆ ಕೊಡಬೇಕಾದ ಸಾಲವಲ್ಲ. ಕಷಾಯದ ಜಿಗುಟಿನಿಂದ ಆತ್ಮಕ್ಕೆ ಅಂಟಿದ ಕರ್ಮರಜಸ್ಸು. ಅಂಟಿದ ಧೂಳನ್ನು ಮತ್ತೊಬ್ಬನು ಮನ್ನಿಸುವುದೆಂಬ ಮಾತಿಗೆ ಅರ್ಥವೇ ಇಲ್ಲ, ಅದನ್ನು ಉದುರಿಸಬೇಕು. ಆ ಉದುರಿಸುವಿಕೆಯೇ ನಿರ್ಜರೆ.

ಹಾಗಾದರೆ ಪಾಪನಿವೇದನೆಯು ವ್ಯರ್ಥವೇ? ಜೈನಶಾಸ್ತ್ರವು ಅದಕ್ಕೆ ಅತ್ಯಂತ ಸೂಕ್ಷ್ಮವಾದ ವ್ಯವಸ್ಥೆಯನ್ನು ಮಾಡಿದೆ. ತತ್ತ್ವಾರ್ಥಸೂತ್ರದ ಪ್ರಕಾರ ಪ್ರಾಯಶ್ಚಿತ್ತವು ಒಂಬತ್ತು ವಿಧ: ಆಲೋಚನೆ, ಪ್ರತಿಕ್ರಮಣ, ತದುಭಯ, ವಿವೇಕ, ವ್ಯುತ್ಸರ್ಗ, ತಪಸ್ಸು, ಛೇದ, ಪರಿಹಾರ, ಉಪಸ್ಥಾಪನೆ. ಇವುಗಳಲ್ಲಿ ಆಲೋಚನೆಯೆಂದರೆ ಗುರುವಿನ ಮುಂದೆ ದೋಷವನ್ನು ನಿವೇದಿಸುವುದು. ಪ್ರತಿಕ್ರಮಣವೆಂದರೆ ಮಾಡಿದ ದುಷ್ಕೃತವು ಮಿಥ್ಯೆಯಾಗಲೆಂದು ನುಡಿದು ಅದರಿಂದ ಹಿಂದಿರುಗುವುದು. ಮೂಲಾಚಾರದಲ್ಲಿ ಪ್ರತಿಕ್ರಮಣವು ಮುನಿಗಳ ಷಡಾವಶ್ಯಕಗಳಲ್ಲಿ ಒಂದಾಗಿದ್ದು, ಹಗಲಿನ, ಇರುಳಿನ, ಪಕ್ಷದ, ಚಾತುರ್ಮಾಸ್ಯದ, ಸಂವತ್ಸರದ ಪ್ರತಿಕ್ರಮಣಗಳಲ್ಲದೆ ಮರಣಕಾಲದ ಉತ್ತಮಾರ್ಥ ಪ್ರತಿಕ್ರಮಣವೂ ಹೇಳಲ್ಪಟ್ಟಿದೆ.

ಆಲೋಚನೆಯಲ್ಲಿ ವರ್ಜಿಸಬೇಕಾದ ಹತ್ತು ದೋಷಗಳ ಪಟ್ಟಿಯು ಮನುಷ್ಯಸ್ವಭಾವದ ಪರಿಜ್ಞಾನಕ್ಕೆ ನಿದರ್ಶನವಾಗಿದೆ. ಗುರುವಿನ ಕರುಣೆಯನ್ನು ಮೊದಲೇ ಸಂಪಾದಿಸಿ ಅನಂತರ ಹೇಳುವುದು, ತನ್ನ ಅಶಕ್ತಿಯನ್ನು ಸೂಚಿಸಿ ಲಘುವಾದ ದಂಡವಾಗುವುದೆಂದು ಊಹಿಸಿ ಹೇಳುವುದು, ಇತರರು ಕಂಡ ದೋಷವನ್ನು ಮಾತ್ರ ಹೇಳುವುದು, ದೊಡ್ಡದನ್ನು ಮಾತ್ರ ಹೇಳಿ ಚಿಕ್ಕದನ್ನು ಬಿಡುವುದು, ಚಿಕ್ಕದನ್ನು ಮಾತ್ರ ಹೇಳಿ ದೊಡ್ಡದನ್ನು ಅಡಗಿಸುವುದು, ಮರೆಯಾಗಿ ಹೇಳುವುದು, ಗದ್ದಲದ ನಡುವೆ ಹೇಳುವುದು, ಒಬ್ಬ ಗುರುವಿನ ನಿರ್ಣಯವನ್ನು ನಂಬದೆ ಹಲವರನ್ನು ಕೇಳುವುದು, ಅಪಕ್ವನಾದವನ ಮುಂದೆ ಹೇಳುವುದು, ಅದೇ ದೋಷವುಳ್ಳವನ ಮುಂದೆ ಹೇಳುವುದು. ಇವೆಲ್ಲವೂ ಆಲೋಚನೆಯನ್ನು ನಿಷ್ಫಲಗೊಳಿಸುತ್ತವೆ. ಭಗವತೀ ಆರಾಧನೆಯು ಆಚಾರ್ಯನಿಗೆ ವಿಧಿಸುವ ಗುಣಗಳಲ್ಲಿ ‘ಅಪರಿಸ್ರಾವಿ’ ಎಂಬುದೊಂದು. ಎಂದರೆ ಕೇಳಿದ ದೋಷವನ್ನು ಹೊರಗೆ ಸೋರಗೊಡದವನು. ೧೨೧೫ರ ಲ್ಯಾಟರನ್ ಸಭೆಯ ವಿಧಿಯೊಡನೆ ಇದನ್ನು ಹೋಲಿಸಿದರೆ, ಪರಸ್ಪರ ಸಂಬಂಧವಿಲ್ಲದ ಎರಡು ಪರಂಪರೆಗಳು ಒಂದೇ ನಿಯಮಕ್ಕೆ ಬಂದು ಮುಟ್ಟಿದ್ದು ವ್ಯಕ್ತವಾಗುವುದು. ಪಾಪವನ್ನು ನುಡಿಯುವವನಿಗೆ ಅಭಯವಿಲ್ಲದಿದ್ದರೆ ನುಡಿಯೇ ಹೊರಡದು.

ಆದರೆ ಗುರುಗಳಿಬ್ಬರ ಸ್ಥಾನವು ಭಿನ್ನವಾದದ್ದು. ಕಥೋಲಿಕ ಗುರುವು ನ್ಯಾಯಾಧಿಪತಿಯಂತೆ ಬಿಡುಗಡೆಯ ತೀರ್ಪನ್ನು ಕೊಡುತ್ತಾನೆ. ಜೈನಾಚಾರ್ಯನು ವೈದ್ಯನಂತೆ ಔಷಧವನ್ನು ವಿಧಿಸುತ್ತಾನೆ. ತೀರ್ಪು ನುಡಿದ ಕ್ಷಣದಲ್ಲಿಯೇ ಬಂಧಿಯು ಮುಕ್ತನು. ಔಷಧವನ್ನಾದರೋ ರೋಗಿಯೇ ಸೇವಿಸಬೇಕು.

೮. ಫಲದ ವಿಚಾರ

ಇಷ್ಟರಿಂದ ಕ್ರೈಸ್ತಮತದಲ್ಲಿ ಪಾಪವು ಮಾತಿನಿಂದಲೇ ಕಳೆಯುವುದೆಂದೂ, ಜೈನಮತದಲ್ಲಿ ಕರ್ಮದಿಂದ ಬಿಡುಗಡೆಯೇ ಇಲ್ಲವೆಂದೂ ಹೇಳುವುದು ಸಾಮಾನ್ಯವಾದ ಆಕ್ಷೇಪ. ಇವೆರಡೂ ಸರಿಯಲ್ಲ. ದಾವೀದನು ಕ್ಷಮೆಯನ್ನು ಪಡೆದರೂ ಅವನ ಶಿಶುವು ಸತ್ತಿತು. ಅವನ ಮನೆಯಿಂದ ಕತ್ತಿಯು ತೊಲಗಲಿಲ್ಲ. ಅರಣ್ಯಕಾಂಡದ ಹದಿನಾಲ್ಕನೆಯ ಅಧ್ಯಾಯದಲ್ಲಿ ದೇವರು ಜನರನ್ನು ಕ್ಷಮಿಸಿದೆನೆಂದು ಹೇಳಿದ ಬೆನ್ನಿಗೇ ಆ ತಲೆಮಾರಿನವರು ವಾಗ್ದತ್ತ ದೇಶವನ್ನು ಕಾಣಲಾರರೆಂದು ವಿಧಿಸುತ್ತಾನೆ. ಕ್ಷಮೆಯಿಂದ ದೇವರೊಡನೆ ಮುರಿದ ಸಂಬಂಧವು ಕೂಡುವುದು. ಲೋಕದಲ್ಲಿ ಆದ ಹಾನಿಯು ಇಲ್ಲದಂತಾಗುವುದಿಲ್ಲ. ಅಲ್ಲದೆ ಹೊಸ ಒಡಂಬಡಿಕೆಯು ಈ ಕ್ಷಮೆಯು ಬೆಲೆಯಿಲ್ಲದೆ ಬಂದದ್ದೆಂದು ಹೇಳುವುದಿಲ್ಲ. ಕಡೆಯ ಭೋಜನದ ಪಾತ್ರೆಯನ್ನು ಕುರಿತು ಮತ್ತಾಯನು ಬರೆದ ಮಾತಿನ ಪ್ರಕಾರ ಅದರ ಬೆಲೆಯು ಯೇಸುವಿನ ರಕ್ತವು.

ಇತ್ತ ಜೈನರ ಕರ್ಮವಾದವೂ ಬರಿಯ ವಿಧಿವಾದವಲ್ಲ. ಕಟ್ಟಿದ ಕರ್ಮದ ಸ್ಥಿತಿಯನ್ನೂ ಅನುಭಾಗವನ್ನೂ ಕುಗ್ಗಿಸುವ ಅಪಕರ್ಷಣ, ಒಂದು ಪ್ರಕೃತಿಯನ್ನು ಮತ್ತೊಂದಾಗಿ ಮಾರ್ಪಡಿಸುವ ಸಂಕ್ರಮಣ, ಕಾಲಕ್ಕೆ ಮೊದಲೇ ಉದಯಕ್ಕೆ ತರುವ ಉದೀರಣೆ ಎಂಬ ಕರಣಗಳನ್ನು ಶಾಸ್ತ್ರವು ಒಪ್ಪಿದೆ. ನಿಕಾಚಿತವೆಂಬ ಗಾಢವಾದ ಬಂಧವೊಂದೇ ಇವುಗಳಿಗೆ ಒಳಪಡದು. ಶುದ್ಧಭಾವದಿಂದ ಮಾಡಿದ ಆಲೋಚನೆಗೆ ನಿಜವಾದ ಫಲವುಂಟು.

ಅನ್ಯಾಯಕ್ಕೊಳಗಾದ ನೆರೆಯವನ ಗತಿಯೇನೆಂಬ ಪ್ರಶ್ನೆಯು ಇದಕ್ಕಿಂತ ಕಠಿನವಾದದ್ದು. ದಾವೀದನ ಹೆಸರಿನಲ್ಲಿರುವ ಐವತ್ತೊಂದನೆಯ ಕೀರ್ತನೆಯು ಪಾಪವು ದೇವರೊಬ್ಬನಿಗೇ ವಿರುದ್ಧವಾದದ್ದೆಂದು ಹೇಳುತ್ತದೆ; ಸತ್ತುಹೋದ ಊರೀಯನ ಮಾತು ಅಲ್ಲಿಲ್ಲ. ದೇವರು ಕ್ಷಮಿಸಿದನೆಂದು ಪಾಪಿಯು ನೆಮ್ಮದಿಯಿಂದ ಮಲಗಿದರೆ ನೊಂದವನಿಗೆ ನ್ಯಾಯವೆಲ್ಲಿ? ಈ ಅಪಾಯವನ್ನು ಯೇಸುವಿನ ಬೋಧನೆಯು ಅರಿತಿದೆ. ಬಲಿಪೀಠದ ಮುಂದೆ ಕಾಣಿಕೆಯನ್ನು ಬಿಟ್ಟು ಮೊದಲು ಸಹೋದರನೊಡನೆ ಸಮಾಧಾನ ಮಾಡಿಕೊಂಡು ಬರಬೇಕೆಂದು ಪರ್ವತಪ್ರಸಂಗದಲ್ಲಿ ಹೇಳಲ್ಪಟ್ಟಿದೆ. ಸುಂಕದ ಜಕ್ಕಾಯನು ಅನ್ಯಾಯವಾಗಿ ಪಡೆದದ್ದನ್ನು ನಾಲ್ಮಡಿಯಾಗಿ ತಿರುಗಿ ಕೊಡುತ್ತೇನೆಂದನು. ಇತರರನ್ನು ಕ್ಷಮಿಸದವನಿಗೆ ತಂದೆಯ ಕ್ಷಮೆಯೂ ಇಲ್ಲವೆಂಬುದು ಕರ್ತನ ಪ್ರಾರ್ಥನೆಗೆ ಹೊಂದಿಕೊಂಡ ಎಚ್ಚರಿಕೆ. ಯೆಹೂದ್ಯರ ಮಿಷ್ನಾದಲ್ಲಿಯೂ, ಮನುಷ್ಯರ ನಡುವಣ ಪಾಪವನ್ನು ಪ್ರಾಯಶ್ಚಿತ್ತದ ಮಹಾದಿನವು ನೊಂದವನನ್ನು ಸಂತೈಸುವವರೆಗೆ ನೀಗದೆಂದು ವಿಧಿಸಿದೆ. ಜೈನರ ಕ್ಷಮಾಪಣೆಯು ಇಲ್ಲಿಂದಲೇ ಹೊರಡುತ್ತದೆ. ಅದು ಮೇಲಕ್ಕೆ ನೋಡದೆ ನೇರವಾಗಿ ನೊಂದವನ ಬಾಗಿಲಿಗೆ ಹೋಗುತ್ತದೆ.

೯. ಉಪಸಂಹಾರ

ಎರಡು ಮರಣಗಳನ್ನು ಜೊತೆಯಲ್ಲಿಟ್ಟು ನೋಡಿದರೆ ಈ ಭೇದವು ಸ್ಪಷ್ಟವಾಗುವುದು. ಲೂಕನ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಯೇಸುವಿನ ಮಗ್ಗುಲಲ್ಲಿ ಶಿಲುಬೆಗೇರಿದ ಅಪರಾಧಿಯೊಬ್ಬನು ತನ್ನನ್ನು ನೆನೆಯಬೇಕೆಂದು ಬೇಡುತ್ತಾನೆ. ಅವನಿಗೆ ತಪಸ್ಸಿಗೂ ಕಾಲವಿಲ್ಲ. ಕದ್ದದ್ದನ್ನು ತಿರುಗಿ ಕೊಡುವುದಕ್ಕೆ ಕೈಗಳೂ ಬಿಡುವಾಗಿಲ್ಲ. ಆ ದಿನವೇ ಪರದೈಸಿನಲ್ಲಿ ತನ್ನ ಸಂಗಡ ಇರುವನೆಂಬ ಭರವಸೆಯು ಅವನಿಗೆ ದೊರೆಯುತ್ತದೆ. ಏನನ್ನೂ ಮಾಡಲಾರದವನಿಗೆ ಮತ್ತೊಬ್ಬನ ಅಧಿಕಾರವೇ ಗತಿಯೆಂಬುದು ಆ ಕಥೆಯ ತಾತ್ಪರ್ಯ. ೧೯೫೫ರಲ್ಲಿ ಕುಂಥಲಗಿರಿಯ ಮೇಲೆ, ಭೋಜದ ಪಾಟೀಲರ ಮನೆಯಲ್ಲಿ ಬೆಳೆದ ವೃದ್ಧ ಆಚಾರ್ಯರು ಮೂವತ್ತಾರು ದಿನಗಳ ಸಲ್ಲೇಖನದಲ್ಲಿ ಒಂದೊಂದಾಗಿ ಎಲ್ಲವನ್ನೂ ಬಿಟ್ಟರು. ಅಲ್ಲಿ ಯಾರೂ ತೀರ್ಪನ್ನು ನುಡಿಯಲಿಲ್ಲ. ನುಡಿಯಬೇಕೆಂದು ಅವರ ಶಾಸ್ತ್ರವು ನಿರೀಕ್ಷಿಸುವುದೂ ಇಲ್ಲ.

ಆದುದರಿಂದ ‘ಕ್ಷಮೆ’ ಎಂಬ ಒಂದೇ ಶಬ್ದದಲ್ಲಿ ಕನ್ನಡನಾಡಿನಲ್ಲಿ ಎರಡು ಅರ್ಥಗಳು ವಾಸವಾಗಿವೆ: ಒಡೆಯನು ಋಣವನ್ನು ಬಿಡುವುದೊಂದು, ಜೀವನು ವೈರವನ್ನು ಬಿಡುವುದಿನ್ನೊಂದು. ಮೊದಲನೆಯದರಲ್ಲಿ ಯಾರಿಗೆ ಅಧಿಕಾರವೆಂಬುದು ಪ್ರಾಣಭೂತವಾದ ಪ್ರಶ್ನೆ. ಎರಡನೆಯದರಲ್ಲಿ ಆ ಪ್ರಶ್ನೆಯೇ ಏಳುವುದಿಲ್ಲ. ಇದನ್ನರಿಯದೆ ಮಾಡುವ ಮತವಿಚಾರದಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿದಂತೆ ತೋರಿದರೂ ತಿಳಿದಿರುವುದಿಲ್ಲ. ಆದರೆ ಎರಡು ಅರ್ಥಗಳಿಗೂ ಸಾಮಾನ್ಯವಾಗಿ ಉಳಿಯುವುದೊಂದಿದೆ; ಅದು ‘ಬಿಡು’ ಎಂಬ ಕನ್ನಡ ಧಾತು. ಹಿಡಿದ ಮುಷ್ಟಿಯನ್ನು ತೆರೆಯದವನಿಗೆ ಕಪೆರ್ನೌಮಿನಲ್ಲಿಯೂ ಕ್ಷಮೆಯಿಲ್ಲ, ಭೋಜದಲ್ಲಿಯೂ ಇಲ್ಲ.